ಎರಡೂ ಕಡೆ ಒಂದೇ ನಡೆ: ಚದುರಂಗದ ಒಂದು ಆರಂಭದ ಇತಿಹಾಸ

ಚದುರಂಗದ ಹಲಗೆಯ ಮೇಲೆ ಆಟ ಶುರುವಾಗುವ ಮುನ್ನ ಎರಡೂ ಸೇನೆಗಳು ಸಮಾನವಾಗಿರುತ್ತವೆ. ರಾಜ, ಮಂತ್ರಿ, ತಲಾ ಎರಡು ಆನೆ, ಒಂಟೆ, ಕುದುರೆ, ಎಂಟು ಪದಾತಿಗಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಕೆಲವು ಆಟಗಳಲ್ಲಿ ಆಟ ಶುರುವಾದ ಮೇಲೂ ಈ ಸಮಾನತೆ ಬಹಳ ಹೊತ್ತು ಉಳಿಯುತ್ತದೆ. ಬಿಳಿಯವನು ಮಧ್ಯದ ಪದಾತಿಯನ್ನು ಬಿಟ್ಟು ಪಕ್ಕದ ಪದಾತಿಯನ್ನು ಎರಡು ಮನೆ ಮುಂದಿಡುತ್ತಾನೆ. ಕಪ್ಪಿನವನು ಅದರ ಎದುರಿನ ಪದಾತಿಯನ್ನೇ ಅಷ್ಟೇ ಮುಂದಿಡುತ್ತಾನೆ. ಅವನು ಕುದುರೆ ತೆಗೆದರೆ ಇವನೂ ಕುದುರೆ, ಅವನು ಒಂಟೆಯನ್ನು ಮೂಲೆಯತ್ತ ತಂದರೆ ಇವನೂ ಒಂಟೆ. ಕನ್ನಡಿಯ ಮುಂದೆ ನಿಂತಂತೆ. ಇಂದಿನ ಚೆಸ್ ಪುಸ್ತಕಗಳಲ್ಲಿ ಇದಕ್ಕೆ ಸಿಮೆಟ್ರಿಕಲ್ ಇಂಗ್ಲಿಷ್ ಎಂದು ಹೆಸರು.

ಹೆಸರು ಇಂಗ್ಲಿಷರದ್ದು. ಆದರೆ ಎರಡೂ ಕಡೆಯವರು ಪಕ್ಕದಿಂದ ಒಂದೇ ರೀತಿ ವ್ಯೂಹ ಕಟ್ಟುವ ಕ್ರಮವನ್ನು ಅದಕ್ಕಿಂತ ಒಂಬೈನೂರು ವರ್ಷ ಮೊದಲೇ ಬಗ್ದಾದಿನ ವಿದ್ವಾಂಸರು ಬರೆದಿಟ್ಟಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ಇತಿಹಾಸವನ್ನು ನಮ್ಮ ವಾರ್ಷಿಕ ಸಂಚಿಕೆಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಭದ್ರಾವತಿಯ ಒಂದು ಜಗಲಿ

ಈ ವಿಷಯದ ಕಡೆಗೆ ನನ್ನ ಗಮನ ಹರಿದದ್ದು ಪುಸ್ತಕದಿಂದಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಹಿರಿಯರೊಬ್ಬರು ಮಗ್ರಿಬ್ ನಮಾಜಿನ ನಂತರ ಜಗಲಿಯಲ್ಲಿ ಬಟ್ಟೆಯ ಹಾಸು ಬಿಡಿಸಿ ಶತ್ರಂಜ್ ಆಡುತ್ತಿದ್ದರು. ಅವರದು ದೇಸಿ ನಿಯಮ. ಪದಾತಿ ಒಂದೊಂದೇ ಮನೆ ನಡೆಯಬೇಕು. ಷಾ ಬೀಳುವ ಮುನ್ನ ರಾಜ ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದು. ಕೊನೆಯ ಸಾಲು ಮುಟ್ಟಿದ ಪದಾತಿ ಆ ಮನೆಯ ಮೂಲ ಕಾಯಿಯಾಗುತ್ತದೆ. ಶಾಲೆಯಲ್ಲಿ ಅಂತಾರಾಷ್ಟ್ರೀಯ ನಿಯಮ ಕಲಿತಿದ್ದ ನಮಗೆ ಅವರ ಆಟ ನಿಧಾನವೆನಿಸುತ್ತಿತ್ತು. ಹತ್ತು ಹನ್ನೆರಡು ನಡೆಗಳಾದರೂ ಒಂದು ಕಾಯಿಯೂ ಬೀಳುತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಕಡೆ ಒಂದೇ ಆಕಾರದ ಕೋಟೆ ಕಟ್ಟಿಕೊಳ್ಳುತ್ತಿದ್ದರು. "ಮೊದಲು ಮನೆ ಸರಿ ಮಾಡಿಕೋ, ಆಮೇಲೆ ಜಗಳ" ಎನ್ನುತ್ತಿದ್ದರು ಅವರು. ಆ ಹಿರಿಯರು ಈಗಿಲ್ಲ. ಅವರ ಒಂದೇ ಒಂದು ಆಟವನ್ನೂ ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಅವರು ಆಡುತ್ತಿದ್ದ ಕ್ರಮಕ್ಕೆ ಅರಬ್ಬಿಯಲ್ಲಿ ಹೆಸರಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಚತುರಂಗದಿಂದ ಶತ್ರಂಜಿಗೆ

ಆಟ ಹುಟ್ಟಿದ್ದು ಭಾರತದಲ್ಲಿ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳಿದ್ದುದರಿಂದ ಚತುರಂಗ. ನಮ್ಮ ಚದುರಂಗ ಎಂಬ ಮಾತು ಅದರ ತದ್ಭವ. ಇರಾನಿಗೆ ಹೋದಾಗ ಅದು ಚತ್ರಂಗ್ ಆಯಿತು. ಏಳನೆಯ ಶತಮಾನದಲ್ಲಿ ಇರಾನ್ ಇಸ್ಲಾಮೀ ಆಡಳಿತಕ್ಕೆ ಸೇರಿದ ಮೇಲೆ ಅರಬರ ನಾಲಿಗೆಯಲ್ಲಿ ಶತ್ರಂಜ್ ಆಯಿತು. ಪಾರಸಿಯ ಕಾಲಾಳು ಅರಬ್ಬಿಯಲ್ಲಿ ಬೈದಖ್ ಆದ. ಅದೇ ಪಾರಸಿ ಮೂಲದಿಂದ ಬಂದ ಪ್ಯಾದೆ ಎಂಬ ಮಾತು ಇಂದಿಗೂ ಕನ್ನಡದಲ್ಲಿದೆ. 'ಷಾ ಮಾತ್' ಎಂಬುದೇ ಯುರೋಪಿನ ಚೆಕ್‌ಮೇಟ್ ಆಯಿತು. ರುಖ್ ಎಂಬುದು ರೂಕ್ ಆಯಿತು. ಸ್ಪೇನಿನವರು ಒಂಟೆಯ ಜಾಗದ ಕಾಯಿಯನ್ನು ಇಂದಿಗೂ ಅಲ್ಫಿಲ್ ಎನ್ನುತ್ತಾರೆ, ಅರಬ್ಬಿಯಲ್ಲಿ ಅಲ್-ಫೀಲ್ ಎಂದರೆ ಆನೆ. ಒಂದು ಆಟ ಊರೂರು ಸುತ್ತಿ ಬಂದ ದಾರಿ ಈ ಪದಗಳಲ್ಲಿಯೇ ಇದೆ.

ಈ ಆಟ ಧರ್ಮಸಮ್ಮತವೇ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ತಾಬಿಯೀನ್‌ಗಳಲ್ಲಿ ಒಬ್ಬರಾದ ಸಯೀದ್ ಇಬ್ನ್ ಜುಬೈರ್ ಅವರು ಹಲಗೆಗೆ ಬೆನ್ನು ಮಾಡಿ ಕುಳಿತು ಆಡಬಲ್ಲವರಾಗಿದ್ದರು ಎಂದು ಹಳೆಯ ಗ್ರಂಥಗಳು ಹೇಳುತ್ತವೆ. ಹನಫೀ, ಮಾಲಿಕೀ ಮತ್ತು ಹಂಬಲೀ ಪಂಥಗಳ ಫಿಖ್ಹ್ ವಿದ್ವಾಂಸರು ಸಾಮಾನ್ಯವಾಗಿ ಇದನ್ನು ಒಪ್ಪಲಿಲ್ಲ. ಜೂಜು ಇರದಿದ್ದರೆ, ನಮಾಜಿಗೆ ಅಡ್ಡಿಯಾಗದಿದ್ದರೆ, ಕೆಟ್ಟ ಮಾತು ಬಾರದಿದ್ದರೆ ಇದು ಹರಾಮ್ ಅಲ್ಲ ಎಂಬ ಅಭಿಪ್ರಾಯ ಶಾಫಿಈ ಪಂಥದಲ್ಲಿ ಪ್ರಬಲವಾಗಿದೆ. ಇಲ್ಲಿ ಫತ್ವಾ ನೀಡುವುದು ನನ್ನ ಕೆಲಸವಲ್ಲ. ಅದನ್ನು ಉಲಮಾಗಳಲ್ಲಿ ಕೇಳಬೇಕು. ಆದರೆ ಜೂಜು ಬೇಡ, ನಮಾಜು ತಪ್ಪಬಾರದು ಎಂಬ ವಿಷಯದಲ್ಲಿ ಎಲ್ಲರೂ ಒಂದಾಗಿದ್ದಾರೆ ಎಂಬುದನ್ನು ನೆನಪಿಡೋಣ.

ಬಗ್ದಾದಿನ ಉಸ್ತಾದರು

ಅಬ್ಬಾಸೀ ಖಲೀಫರ ಕಾಲದಲ್ಲಿ ಶತ್ರಂಜ್ ಒಂದು ಶಾಸ್ತ್ರವಾಗಿ ಬೆಳೆಯಿತು. ಆಟಗಾರರನ್ನು ಐದು ದರ್ಜೆಗಳಾಗಿ ವಿಂಗಡಿಸಿದ್ದರು. ಅತ್ಯುನ್ನತ ದರ್ಜೆಯವರನ್ನು 'ಆಲಿಯಾತ್' ಎನ್ನುತ್ತಿದ್ದರು. ಒಂದು ಕಾಲಕ್ಕೆ ಆ ದರ್ಜೆಯಲ್ಲಿ ಕೆಲವೇ ಮಂದಿ ಇರುತ್ತಿದ್ದರು. ಇಂದಿನ ಗ್ರ್ಯಾಂಡ್‌ಮಾಸ್ಟರ್ ಪದವಿಯ ಕಲ್ಪನೆಗೆ ಇದು ಬಹಳ ಹತ್ತಿರ.

ಅವರಲ್ಲಿ ಮೊದಲು ಗ್ರಂಥ ಬರೆದ ಪ್ರಸಿದ್ಧರು ಅಲ್-ಅದ್ಲೀ. ಸುಮಾರು ಕ್ರಿ.ಶ. 840ರ ಹೊತ್ತಿಗೆ ಅವರ 'ಕಿತಾಬ್ ಅಶ್-ಶತ್ರಂಜ್' ಸಿದ್ಧವಾಯಿತು. ಖಲೀಫ ಮುತವಕ್ಕಿಲರ ಎದುರು ಅರ್-ರಾಜೀ ಎಂಬವರು ಅವರನ್ನು ಸೋಲಿಸಿದರು. ನಂತರ ಬಂದವರು ಅಬೂಬಕ್ರ್ ಮುಹಮ್ಮದ್ ಇಬ್ನ್ ಯಹ್ಯಾ ಅಸ್-ಸೂಲೀ. ಖಲೀಫ ಮುಕ್ತಫಿಯವರ ಆಸ್ಥಾನದಲ್ಲಿ, ಖಲೀಫರ ಮೆಚ್ಚಿನ ಆಟಗಾರನಾಗಿದ್ದ ಅಲ್-ಮಾವರ್ದೀ ಎಂಬವರನ್ನು ಸೋಲಿಸಿ ಅವರು ಹೆಸರಾದರು. ಅಸ್-ಸೂಲೀ ಬರೀ ಆಟಗಾರರಲ್ಲ. ಇತಿಹಾಸಕಾರರು, ಸಾಹಿತಿ, ಮುಂದೆ ಖಲೀಫರಾದ ಅರ್-ರಾಜೀ ಬಿಲ್ಲಾಹ್ ಅವರಿಗೆ ಪಾಠ ಹೇಳಿದ ಗುರು, ದೊಡ್ಡ ಗ್ರಂಥಾಲಯದ ಒಡೆಯ. ಹಿಂದಿನ ಉಸ್ತಾದರಾದ ಅಲ್-ಅದ್ಲೀಯವರ ಗ್ರಂಥದಲ್ಲಿ ತಪ್ಪೆನಿಸಿದ್ದನ್ನು ತಪ್ಪೆಂದು ಬರೆಯಲು ಅವರು ಹಿಂಜರಿಯಲಿಲ್ಲ. 946ರಲ್ಲಿ ಬಸ್ರಾದಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಒಂದು ಸಮಸ್ಯೆಯ ಬಿಡುಗಡೆ ಸುಮಾರು ಸಾವಿರ ವರ್ಷ ಯಾರಿಗೂ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಅದನ್ನು ಬಿಡಿಸಿದರು.

ಮುಜನ್ನಹ್: ರೆಕ್ಕೆಯ ವ್ಯೂಹ

ಶತ್ರಂಜಿನಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ. ಫೀಲ್ ಓರೆಯಾಗಿ ಎರಡನೆಯ ಮನೆಗೆ ಮಾತ್ರ ಜಿಗಿಯುತ್ತಿತ್ತು. ಪದಾತಿಗೆ ಮೊದಲ ನಡೆಯಲ್ಲಿಯೂ ಒಂದೇ ಮನೆ. ಹೀಗಾಗಿ ಸೇನೆಗಳು ಪರಸ್ಪರ ತಾಗಲು ಬಹಳ ನಡೆಗಳು ಬೇಕಾಗುತ್ತಿದ್ದವು. ಆ ಅವಧಿಯಲ್ಲಿ ಪ್ರತಿ ಆಟಗಾರನೂ ತನಗೆ ಬೇಕಾದ ವ್ಯೂಹವನ್ನು ಕಟ್ಟಿಕೊಳ್ಳುತ್ತಿದ್ದ. ಇದಕ್ಕೆ 'ತಅಬಿಯಾ' ಎಂದು ಹೆಸರು, ಸೇನೆಯನ್ನು ಅಣಿಗೊಳಿಸುವುದು ಎಂದರ್ಥ. ಪ್ರತಿ ತಅಬಿಯಾಕ್ಕೂ ಹೆಸರಿತ್ತು. ಸೈಫ್ ಎಂದರೆ ಖಡ್ಗ. ಸಯ್ಯಾಲ್ ಎಂದರೆ ಹರಿಯುವ ಪ್ರವಾಹ. ಮಶಾಇಖೀ ಎಂದರೆ ಶೇಖರ, ಅಂದರೆ ಹಿರಿಯರ ವ್ಯೂಹ. ಮತ್ತೊಂದು ಮುಜನ್ನಹ್. ಜನಾಹ್ ಎಂದರೆ ರೆಕ್ಕೆ. ಸೇನೆಯ ಪಾರ್ಶ್ವಗಳನ್ನು ರೆಕ್ಕೆಯಂತೆ ಬಿಡಿಸಿ ನಿಲ್ಲಿಸುವ ವ್ಯೂಹ ಎಂಬ ಅರ್ಥದಲ್ಲಿ ಆ ಹೆಸರು.

ಬಿಳಿಯವನೂ ಕಪ್ಪಿನವನೂ ಮುಜನ್ನಹ್ ವ್ಯೂಹವನ್ನೇ ಕಟ್ಟಿದರೆ ಅದು ಜೋಡಿ ಮುಜನ್ನಹ್. ಎರಡೂ ಕಡೆ ಒಂದೇ ರೆಕ್ಕೆ, ಒಂದೇ ಆಕಾರ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸಮರೂಪದ ಪಾರ್ಶ್ವ ಆರಂಭ. ಅಸ್-ಸೂಲೀಯವರ ಶಿಷ್ಯ ಅಲ್-ಲಜ್ಲಾಜ್ ಈ ಆರಂಭಗಳ ಮುಂದಿನ ನಡೆಗಳನ್ನು ಒಂದೊಂದಾಗಿ ವಿಶ್ಲೇಷಿಸಿ ಗ್ರಂಥ ಬರೆದರು. ಲಜ್ಲಾಜ್ ಎಂದರೆ ತೊದಲುವವನು. ನಾಲಿಗೆ ತೊದಲುತ್ತಿದ್ದ ಆ ಶಿಷ್ಯನ ಬರಹ ಸಾವಿರ ವರ್ಷ ದಾಟಿ ಬಂದಿದೆ. ಇಂದಿನ ಗ್ರ್ಯಾಂಡ್‌ಮಾಸ್ಟರುಗಳು ಆರಂಭದ ಪ್ರಸಿದ್ಧ ಸ್ಥಿತಿಗಳನ್ನು 'ತಬಿಯಾ' ಎಂದೇ ಕರೆಯುತ್ತಾರೆ. ಅದು ಅರಬ್ಬಿ ಪದ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ!

ಕರ್ನಾಟಕದ ನೆಲದಲ್ಲಿ

ನಮ್ಮ ನಾಡೂ ಸುಮ್ಮನಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗದ ವಿವರಣೆಯಿದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಕೆಳದಿ ಅರಸು ಬಸವಪ್ಪ ನಾಯಕ ಹದಿನೆಂಟನೆಯ ಶತಮಾನದ ಆರಂಭದಲ್ಲಿ 'ಶಿವತತ್ತ್ವರತ್ನಾಕರ'ವೆಂಬ ವಿಶ್ವಕೋಶವನ್ನು ಸಂಸ್ಕೃತದಲ್ಲಿ ರಚಿಸಿದನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹಲಗೆಯಾಟಗಳ ದೊಡ್ಡ ಪೋಷಕರು. ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡಿಗೆಯ ಸಮಸ್ಯೆಗಳನ್ನು ಅವರು ಸ್ವತಃ ರಚಿಸಿದರು. ಇದೇ ಕುದುರೆ ನಡಿಗೆಯ ಸಮಸ್ಯೆಗೆ ಸಾವಿರ ವರ್ಷ ಮೊದಲು ಅಲ್-ಅದ್ಲೀ ಕೂಡ ಪರಿಹಾರ ಬರೆದಿದ್ದರು. ಬಗ್ದಾದಿನ ಉಸ್ತಾದರೂ ಮೈಸೂರಿನ ಮಹಾರಾಜರೂ ಒಂದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು ಎಂಬುದು ಸಂತೋಷದ ಸಂಗತಿ.

ಇಂಗ್ಲಿಷ್ ಹೆಸರು ಬಂದ ಬಗೆ

ಅಂದಲೂಸ್ ಮೂಲಕ ಶತ್ರಂಜ್ ಯುರೋಪಿಗೆ ಹೋಯಿತು. 1283ರಲ್ಲಿ ಕ್ಯಾಸ್ಟೀಲಿನ ದೊರೆ ಹತ್ತನೆಯ ಅಲ್ಫಾನ್ಸೋ ಬರೆಯಿಸಿದ ಆಟಗಳ ಗ್ರಂಥದಲ್ಲಿ ಅರಬ್ಬಿ ಮೂಲದ ಸಮಸ್ಯೆಗಳು ಧಾರಾಳವಾಗಿವೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನವರು ಮಂತ್ರಿಗೆ ಮತ್ತು ಒಂಟೆಗೆ ಇಂದಿನ ಶಕ್ತಿ ಕೊಟ್ಟರು. ಆಟ ವೇಗವಾಯಿತು. ಮಧ್ಯದ ಪದಾತಿಗಳನ್ನು ಮುನ್ನುಗ್ಗಿಸುವುದೇ ರೂಢಿಯಾಗಿ ಪಾರ್ಶ್ವದ ವ್ಯೂಹಗಳು ಹಿಂದೆ ಸರಿದವು. 1843ರಲ್ಲಿ ಪ್ಯಾರಿಸಿನಲ್ಲಿ ಇಂಗ್ಲೆಂಡಿನ ಹೋವರ್ಡ್ ಸ್ಟಾಂಟನ್ ಫ್ರಾನ್ಸಿನ ಸೇಂಟ್-ಅಮಾಂಟ್ ಎದುರು ಆಡುವಾಗ ಹಲವು ಸಲ ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಪದಾತಿಯನ್ನು ಎರಡು ಮನೆ ಮುಂದಿಟ್ಟು ಆರಂಭಿಸಿದರು. ಆ ಪಂದ್ಯವನ್ನು ಸ್ಟಾಂಟನ್ 11 ಗೆಲುವು, 6 ಸೋಲು, 4 ಡ್ರಾಗಳಿಂದ ಗೆದ್ದರು. ಅಂದಿನಿಂದ ಈ ಆರಂಭಕ್ಕೆ ಇಂಗ್ಲಿಷ್ ಎಂಬ ಹೆಸರು ನಿಂತಿತು. ಕಪ್ಪಿನವನು ಅದೇ ನಡೆಯಿಂದ ಉತ್ತರಿಸಿದರೆ ಅದು ಸಿಮೆಟ್ರಿಕಲ್.

ರೇಕ್ಯಾವಿಕ್‌ನ ಎಂಟನೆಯ ಆಟ

ಈ ಆರಂಭದ ಗುಣ ತಿಳಿಯಲು ಒಂದು ಪ್ರಸಿದ್ಧ ಆಟವನ್ನು ನೋಡೋಣ. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಅಮೆರಿಕದ ಬಾಬಿ ಫಿಷರ್ ಮತ್ತು ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ ನಡುವೆ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಪಂದ್ಯ ನಡೆಯಿತು. ಎಂಟನೆಯ ಆಟ ನಡೆದದ್ದು ಜುಲೈ 27ರಂದು. ಫಿಷರ್ ಬಿಳಿ. ಸಾಮಾನ್ಯವಾಗಿ ರಾಜನ ಮುಂದಿನ ಪದಾತಿಯಿಂದ ಆರಂಭಿಸುತ್ತಿದ್ದ ಅವರು ಅಂದು ಪಾರ್ಶ್ವದ ಪದಾತಿಯನ್ನು ಸಿ4 ಮನೆಗೆ ಇಟ್ಟರು. ಸ್ಪಾಸ್ಕಿ ಸಿ5 ಎಂದು ಉತ್ತರಿಸಿದರು. ನಂತರ ಎರಡೂ ಕಡೆ ಮಂತ್ರಿಯ ಬದಿಯ ಕುದುರೆ, ರಾಜನ ಬದಿಯ ಕುದುರೆ, ಜಿ ಸಾಲಿನ ಪದಾತಿ ಒಂದು ಮನೆ ಮುಂದೆ, ಅದರ ಹಿಂದೆ ಒಂಟೆ, ಆಮೇಲೆ ರಾಜನಿಗೆ ಕೋಟೆ. ಆರು ನಡೆಗಳಾದಾಗ ಹಲಗೆಯ ಎರಡು ಅರ್ಧಗಳು ಒಂದರ ಪ್ರತಿಬಿಂಬ ಇನ್ನೊಂದು ಎಂಬಂತಿದ್ದವು.

ಏಳನೆಯ ನಡೆಯಲ್ಲಿ ಫಿಷರ್ ಮಧ್ಯದ ಪದಾತಿಯನ್ನು ಡಿ4ಕ್ಕೆ ತಳ್ಳಿ ಕನ್ನಡಿಯನ್ನು ಒಡೆದರು. ಪದಾತಿಗಳೂ ಒಂದು ಜೋಡಿ ಕುದುರೆಗಳೂ ವಿನಿಮಯವಾದವು. 15ನೆಯ ನಡೆಯಲ್ಲಿ ಸ್ಪಾಸ್ಕಿ ಬಿ ಸಾಲಿನ ಪದಾತಿಯನ್ನು ಎರಡು ಮನೆ ಮುನ್ನುಗ್ಗಿಸಿದರು. ನೋಡಲು ಚುರುಕಾದ ನಡೆ. ಆದರೆ ಆ ಪದಾತಿ ಬಿಟ್ಟುಹೋದ ಜಾಗದಿಂದ ಕೇಡು ಬಂತು. ಫಿಷರ್ ತಮ್ಮ ಒಂದು ಒಂಟೆಯನ್ನು ಎ7ಕ್ಕೆ ತಂದು ಬಿ8ರಲ್ಲಿದ್ದ ಆನೆಯ ಮೇಲೆ ದಾಳಿ ಮಾಡಿದರು. ಆನೆ ಎಲ್ಲಿಗೆ ಹೋದೀತು? ಎ8ಕ್ಕಾಗಲಿ ಬಿ7ಕ್ಕಾಗಲಿ ಹೋದರೆ ಜಿ2ರಲ್ಲಿ ಆರಂಭದಿಂದಲೂ ಸುಮ್ಮನೆ ಕುಳಿತಿದ್ದ ಇನ್ನೊಂದು ಒಂಟೆ ದೂರದಿಂದಲೇ ಹೊಡೆಯುತ್ತದೆ. ಬಿ6ಕ್ಕೆ ಹೋದರೆ ಎ7ರ ಒಂಟೆ. ಪಕ್ಕದ ಮನೆಯಲ್ಲಿ ಸ್ವಂತ ಆನೆಯೇ ಅಡ್ಡ. ಒಂಟೆಗೆ ಬದಲಾಗಿ ಆನೆ ಹೋಯಿತು, ಕೆಲವೇ ನಡೆಗಳಲ್ಲಿ ಒಂದು ಪದಾತಿಯೂ ಹೋಯಿತು. 37ನೆಯ ನಡೆಯ ನಂತರ ಸ್ಪಾಸ್ಕಿ ಸೋಲೊಪ್ಪಿದರು. ಎಂಟು ಆಟಗಳಾದಾಗ ಅಂಕ ಫಿಷರ್ 5, ಸ್ಪಾಸ್ಕಿ 3. ಕೊನೆಗೆ 12½-8½ ಅಂಕಗಳಿಂದ ಫಿಷರ್ ವಿಶ್ವ ಚಾಂಪಿಯನ್ ಆದರು.

ಪಾರ್ಶ್ವದಲ್ಲಿ, ರೆಕ್ಕೆಯ ತುದಿಯಲ್ಲಿ ಕುಳಿತ ಆ ಒಂಟೆಯನ್ನು ಗಮನಿಸಿ. ಹತ್ತು ನಡೆಗಳ ಕಾಲ ಅದು ಏನೂ ಮಾಡಲಿಲ್ಲ. ಆದರೆ ಸಮಯ ಬಂದಾಗ ಅದು ಅಲ್ಲಿ ಇದ್ದುದರಿಂದಲೇ ಆಟ ಗೆದ್ದಿತು. "ಮೊದಲು ಮನೆ ಸರಿ ಮಾಡಿಕೋ" ಎಂಬ ಭದ್ರಾವತಿಯ ಹಿರಿಯರ ಮಾತಿನ ಅರ್ಥ ನನಗೆ ಈ ಆಟ ನೋಡಿದಾಗ ಆಯಿತು.

ಇನ್ನೊಂದು ಮಾತು. ಎದುರಾಳಿಯ ನಡೆಯನ್ನು ನಕಲು ಮಾಡುತ್ತ ಹೋದರೆ ಎಂದಿಗೂ ಸೋಲುವುದಿಲ್ಲ ಎಂದು ಹೊಸ ಕಲಿಕೆಯವರು ಭಾವಿಸುವುದುಂಟು. ಅದು ಸಾಧ್ಯವಿಲ್ಲ. ಎದುರಾಳಿ ರಾಜನಿಗೆ ಷಾ ಕೊಟ್ಟ ಕ್ಷಣ ನಕಲು ನಿಲ್ಲಲೇಬೇಕು. ಆಗ ಸ್ವಂತ ಬುದ್ಧಿಯೇ ಬೇಕು. ಗೈಡುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಸುಲ್ತಾನ್ ಖಾನ್ ಮತ್ತು ಫಾತಿಮಾ

ನಮ್ಮ ಉಪಖಂಡದ ಇಬ್ಬರನ್ನು ಇಲ್ಲಿ ನೆನೆಯಲೇಬೇಕು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಸಿ ನಿಯಮದಲ್ಲಿ ಬೆಳೆದು, ಯುರೋಪಿನ ನಿಯಮಗಳನ್ನು ತಡವಾಗಿ ಕಲಿತು, ಸರ್ ಉಮರ್ ಹಯಾತ್ ಖಾನ್ ಅವರೊಂದಿಗೆ ಇಂಗ್ಲೆಂಡಿಗೆ ಹೋದವರು. 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಬ್ಲಾಂಕಾರನ್ನು ಸೋಲಿಸಿದರು. ಅವರ ಬಲಹೀನತೆ ಆರಂಭದ ನಡೆಗಳಲ್ಲಿತ್ತು. ಯುರೋಪಿನ ಆಟಗಾರರು ಚಿಕ್ಕಂದಿನಿಂದ ಓದಿಕೊಂಡಿದ್ದ ಆರಂಭಗಳ ಗ್ರಂಥಗಳು ಅವರಿಗೆ ದೊರೆತಿರಲಿಲ್ಲ. ಅವರನ್ನು ಅನಕ್ಷರಸ್ಥ ಸೇವಕ ಎಂದು ಚಿತ್ರಿಸುವ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅವರ ಕುಟುಂಬದವರು ಅದನ್ನು ಬಲವಾಗಿ ನಿರಾಕರಿಸಿದ್ದಾರೆ. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚೆಸ್ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ. ಅದೇ ಉಮರ್ ಹಯಾತ್ ಖಾನ್ ಅವರ ಮನೆಯವರೊಂದಿಗೆ ಇಂಗ್ಲೆಂಡಿಗೆ ಹೋಗಿದ್ದ ಫಾತಿಮಾ ಎಂಬ ಯುವತಿ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಅವರ ಮುಂದಿನ ಬದುಕಿನ ಬಗ್ಗೆ ಗ್ರಂಥಗಳಲ್ಲಿ ಕೆಲವೇ ಸಾಲುಗಳು ಸಿಗುತ್ತವೆ.

ಭೋಪಾಲಿನಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ಮುಹಮ್ಮದ್ ರಫೀಕ್ ಖಾನ್ 1980ರ ಮಾಲ್ಟಾ ಒಲಿಂಪಿಯಾಡಿನಲ್ಲಿ ವೈಯಕ್ತಿಕ ಬೆಳ್ಳಿ ಪದಕ ಗೆದ್ದರು. ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ, ಅಂದರೆ ಅದಾಗಿ ಎಂಟು ವರ್ಷಗಳ ಮೇಲೆ.

ನಮ್ಮ ಜಿಲ್ಲೆ

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಮೂಲಕ. ಎರಡನೆಯವರು ನಮ್ಮ ಶಿವಮೊಗ್ಗ ಜಿಲ್ಲೆಯ ಸ್ಟ್ಯಾನಿ ಜಿ.ಎ. ದೊಡ್ಡ ನಗರದ ಸೌಲಭ್ಯಗಳಿಲ್ಲದ ಮಲೆನಾಡಿನ ಜಿಲ್ಲೆಯಿಂದ ಒಬ್ಬ ಹುಡುಗ ಆ ಪದವಿಗೆ ಏರಬಹುದು ಎಂಬುದು ಈಗ ಊಹೆಯ ಮಾತಲ್ಲ, ನಡೆದ ಸಂಗತಿ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಶತ್ರಂಜ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಪ್ರೇಮಚಂದರ 1924ರ ಕಥೆ ಮತ್ತು ಸತ್ಯಜಿತ್ ರಾಯ್ ಅವರ 1977ರ ಚಿತ್ರ. ರಾಜ್ಯ ಕೈಬಿಡುತ್ತಿದ್ದಾಗಲೂ ಹಲಗೆ ಬಿಡದ ಲಖನೌದ ಇಬ್ಬರು ಶ್ರೀಮಂತರು. ಆ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಅದೊಂದೇ ನಮ್ಮ ಪರಂಪರೆಯಲ್ಲ. ಅಸ್-ಸೂಲೀ ಆಡಿದರು, ಜೊತೆಗೆ ಓದಿದರು, ಬರೆದರು, ಶಿಷ್ಯರನ್ನು ಬೆಳೆಸಿದರು. ಅಲ್-ಲಜ್ಲಾಜ್ ಗುರುವಿನಿಂದ ಕಲಿತದ್ದನ್ನು ಮುಂದುವರಿಸಿ ಬರೆದಿಟ್ಟರು. ಹೀಗಾಗಿ ಅವರ ವಿದ್ಯೆ ಉಳಿಯಿತು.

ಬರೆದಿಡುವ ಈ ಅಭ್ಯಾಸ ನಮ್ಮಲ್ಲಿ ಕಡಿಮೆಯಾಗಿದೆ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎಷ್ಟು ಊರುಗಳ, ಎಷ್ಟು ಭಾಷೆಗಳ ಜನರನ್ನು ಒಂದೆಡೆ ತಂದವು! ಕಾಗದದ ಕಾರ್ಖಾನೆ ಒಂದು ದಶಕದ ಹಿಂದೆಯೇ ನಿಂತಿತು. ಅಲ್ಲಿ ದುಡಿದವರ ಜೊತೆಗೆ ಅವರ ಆಟ, ಮಾತು, ಕಸುಬಿನ ಗುಟ್ಟುಗಳೂ ಒಂದೊಂದಾಗಿ ಹೋಗುತ್ತಿವೆ. ಕಾಗದ ತಯಾರಿಸಿದ ಊರಿನಲ್ಲಿಯೇ ಅವುಗಳನ್ನು ಕಾಗದದ ಮೇಲೆ ಇಳಿಸಿದವರು ಎಷ್ಟು ಮಂದಿ?

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನೀವು ಚದುರಂಗ ಆಡುವುದಾದರೆ ಓದಿನ ಸಮಯವನ್ನೂ ನಮಾಜಿನ ಸಮಯವನ್ನೂ ಕಾಯ್ದುಕೊಂಡು ಆಡಿರಿ, ಪಣವಿಟ್ಟು ಎಂದಿಗೂ ಆಡಬೇಡಿರಿ. ಆಡಿದ ಆಟದ ನಡೆಗಳನ್ನು ಬರೆದಿಡಿರಿ, ಸೋತ ಆಟವನ್ನು ಮೊದಲು ಬರೆಯಿರಿ. ಮನೆಯಲ್ಲಿ ದೇಸಿ ನಿಯಮ ಬಲ್ಲ ಅಜ್ಜ ಅಜ್ಜಿಯರಿದ್ದರೆ ಹತ್ತಿರ ಕುಳಿತು ಅದನ್ನು ಕೇಳಿ, ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿರಿ. ಹುಡುಗಿಯರನ್ನೂ ಹಲಗೆಯ ಮುಂದೆ ಕೂರಿಸಿರಿ, ಫಾತಿಮಾ ಅವರ ಹೆಸರು ಅವರಿಗೆ ತಿಳಿದಿರಲಿ.

ಹಲಗೆಯ ಮೇಲೆ ಎರಡೂ ಕಡೆ ಕಾಯಿಗಳು ಸಮಾನ. ಬದುಕಿನಲ್ಲಿ ಎಲ್ಲರಿಗೂ ಹಾಗೆ ಸಿಗುವುದಿಲ್ಲ ಎಂಬುದನ್ನು ಸುಲ್ತಾನ್ ಖಾನರ ಕಥೆ ಹೇಳುತ್ತದೆ. ಅವರಿಗೆ ಕೊರತೆಯಾದದ್ದು ಬುದ್ಧಿಯಲ್ಲ, ಪುಸ್ತಕ. ಆ ಕೊರತೆ ನಮ್ಮ ಮಕ್ಕಳಿಗೆ ಬಾರದಂತೆ ನೋಡಿಕೊಳ್ಳುವುದಕ್ಕಾಗಿಯೇ ನಮ್ಮಂಥ ಶಿಕ್ಷಣ ಸಂಘಗಳು ಇರುವುದು. ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ, ಆಮೀನ್.